ಕಂಬಳಿಯ ಗೋಡೆ, ಜಾತಿಯ ಗೋಡೆ

ಹಾಲಿವುಡ್ಡಿನ ಹಳೆಯ ಮದುವೆ ಚಿತ್ರಗಳಿಗೂ ಶರಾವತಿ, ಅಘನಾಶಿನಿ ದಡದ ನಮಗೂ ಎಂತ ಸಂಬಂಧ ಮಾರಾಯರೇ ಎಂದು ಯಾರಾದರೂ ಕೇಳಬಹುದು. ದಿನದ ಗಂಜಿಯ ಚಿಂತೆ ಇರುವವರಿಗೆ ಕ್ಲಾರ್ಕ್ ಗೇಬಲ್ ಯಾರನ್ನು ಕಟ್ಟಿಕೊಂಡರೇನು, ಯಾರನ್ನು ಬಿಟ್ಟರೇನು? ಕೇಳುವವರು ಕೇಳಲಿ. ಆದರೆ ಯಾರು ಯಾರನ್ನು ಮದುವೆಯಾಗಬಹುದು, ಯಾರು ಯಾರನ್ನು ಆಗಬಾರದು ಎಂಬ ಒಂದು ಕಟ್ಟಳೆಯೇ ಈ ದೇಶದಲ್ಲಿ ಗದ್ದೆ ಯಾರದು, ಗೇಯುವವರು ಯಾರು, ಬಾವಿ ಯಾರದು, ಬಾಯಾರಿ ನಿಲ್ಲುವವರು ಯಾರು ಎಂಬುದನ್ನೆಲ್ಲ ಕಾಪಾಡಿಕೊಂಡು ಬಂದಿದೆ. ಇದು ನಾವು ಕಂಡುಹಿಡಿದ ಮಾತಲ್ಲ. 1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತೈದು ವರ್ಷದ ವಿದ್ಯಾರ್ಥಿ ಭೀಮರಾವ್ ಅಂಬೇಡ್ಕರ್ ಒಂದು ಪ್ರಬಂಧ ಓದಿದರು. ಜಾತಿಯ ಜೀವ ಇರುವುದು ಒಳಮದುವೆಯಲ್ಲಿ ಎಂದರು. ಸತಿ ಹೋಗುವುದು, ವಿಧವೆಯ ತಲೆ ಬೋಳಿಸಿ ಮೂಲೆಗೆ ಕೂಡಿಸುವುದು, ಹಸುಗೂಸಿಗೆ ತಾಳಿ ಕಟ್ಟುವುದು, ಇವೆಲ್ಲ ಆ ಒಳಮದುವೆಯ ಬೇಲಿ ಮುರಿಯದಂತೆ ಹಾಕಿದ ಗೂಟಗಳು ಎಂದು ತೋರಿಸಿದರು.

ಹಾಗಿದ್ದ ಮೇಲೆ ಮದುವೆಯ ಸಿನಿಮಾ ಬರೀ ತಮಾಷೆಯ ಸಂಗತಿಯಲ್ಲ. ಗಂಡು ಹೆಣ್ಣು ಮೆಚ್ಚುತ್ತಾರೆ, ಜಗಳವಾಡುತ್ತಾರೆ, ಕೊನೆಗೆ ಒಂದಾಗುತ್ತಾರೆ. ಜನ ನಗುತ್ತ ಮನೆಗೆ ಹೋಗುತ್ತಾರೆ. ಆ ಕಥೆಯಲ್ಲಿ ಯಾವ ಗೋಡೆ ಬೀಳುತ್ತದೆ, ಯಾವ ಗೋಡೆಯ ಹತ್ತಿರವೂ ಕ್ಯಾಮರಾ ಹೋಗುವುದಿಲ್ಲ ಎಂದು ನೋಡಿದರೆ ಒಂದು ಸಮಾಜದ ಚರಿತ್ರೆಯೇ ಸಿಗುತ್ತದೆ. ನಮ್ಮ ಮೂರು ತಾಲ್ಲೂಕುಗಳಿಂದ ನಿಂತು ಆ ಚರಿತ್ರೆಯನ್ನು ನೋಡುವ ಯತ್ನ ಇದು.

*

1934. ಅಮೆರಿಕದಲ್ಲಿ ಬ್ಯಾಂಕು ಮುಳುಗಿ, ಕಾರ್ಖಾನೆ ಮುಚ್ಚಿ, ಲಕ್ಷಗಟ್ಟಲೆ ಜನ ಕೆಲಸವಿಲ್ಲದೆ ಬೀದಿಯಲ್ಲಿದ್ದ ಕಾಲ. ಆ ವರ್ಷ ಫ್ರಾಂಕ್ ಕಾಪ್ರಾ ನಿರ್ದೇಶಿಸಿದ 'ಇಟ್ ಹ್ಯಾಪನ್ಡ್ ಒನ್ ನೈಟ್' ಬಂತು. ಕೋಟ್ಯಾಧೀಶನ ಮಗಳು ಅಪ್ಪನ ಮೇಲೆ ಸಿಟ್ಟು ಮಾಡಿ ಓಡಿ ಬರುತ್ತಾಳೆ. ಬಸ್ಸಿನಲ್ಲಿ ಕೆಲಸ ಕಳೆದುಕೊಂಡ ಪತ್ರಿಕೆಯವನೊಬ್ಬ ಸಿಗುತ್ತಾನೆ. ಕಾಸಿಲ್ಲದ್ದರಿಂದ ಇಬ್ಬರೂ ಒಂದೇ ಕೋಣೆಯಲ್ಲಿ ರಾತ್ರಿ ಕಳೆಯಬೇಕು. ಅವನು ನಡುವೆ ಒಂದು ಹಗ್ಗ ಕಟ್ಟಿ ಕಂಬಳಿ ಇಳಿಬಿಡುತ್ತಾನೆ. ಅದಕ್ಕೆ ಬೈಬಲ್ಲಿನ ಕಥೆಯಲ್ಲಿ ಬರುವ ಜೆರಿಕೋ ಕೋಟೆಯ ಗೋಡೆ ಎಂದು ಹೆಸರಿಡುತ್ತಾನೆ. ಚಿತ್ರದ ಕೊನೆಯಲ್ಲಿ ತುತ್ತೂರಿ ಊದುತ್ತದೆ, ಕಂಬಳಿ ಬೀಳುತ್ತದೆ. ಶ್ರೀಮಂತೆಯೂ ಬಡವನೂ ಒಂದಾದರು ಎಂದು ಹಸಿದ ಅಮೆರಿಕ ಚಪ್ಪಾಳೆ ತಟ್ಟಿತು. ಒಳ್ಳೆಯ ಚಿತ್ರ, ನಟ ನಟಿ, ನಿರ್ದೇಶನ, ಚಿತ್ರಕಥೆ ಎಂದು ಐದು ದೊಡ್ಡ ಆಸ್ಕರ್‌ಗಳು ಅದಕ್ಕೇ ಬಂದವು.

ಅದೇ 1934ರ ಜುಲೈಯಿಂದ ಹಾಲಿವುಡ್ಡಿನಲ್ಲಿ ಇನ್ನೊಂದು ಗೋಡೆ ಗಟ್ಟಿಯಾಯಿತು. 1930ರಲ್ಲೇ ಬರೆದಿಟ್ಟಿದ್ದ ನೀತಿಸಂಹಿತೆಯನ್ನು, ವಿಲ್ ಹೇಸ್ ಎಂಬವನ ಹೆಸರಿನಿಂದ ಹೇಸ್ ಕೋಡ್ ಎಂದು ಕರೆಯುವುದನ್ನು, ಜೋಸೆಫ್ ಬ್ರೀನ್ ಎಂಬ ಅಧಿಕಾರಿ ಬಿಗಿಯಾಗಿ ಜಾರಿಗೆ ತಂದ. ಅವನ ಕಚೇರಿಯ ಮುದ್ರೆ ಬೀಳದೆ ದೊಡ್ಡ ಥಿಯೇಟರುಗಳಲ್ಲಿ ಚಿತ್ರ ಓಡುವ ಹಾಗಿರಲಿಲ್ಲ. ಮದುವೆಯ ಪಾವಿತ್ರ್ಯ ಎತ್ತಿಹಿಡಿಯಬೇಕು, ಹಾದರವನ್ನು ಅಂದವಾಗಿ ತೋರಿಸಬಾರದು ಎಂದು ಅದರಲ್ಲಿತ್ತು. ಜೊತೆಗೆ ಬಿಳಿಯರಿಗೂ ಕರಿಯರಿಗೂ ನಡುವೆ ಗಂಡುಹೆಣ್ಣಿನ ಸಂಬಂಧವನ್ನು ತೋರಿಸಲೇಬಾರದು ಎಂದೂ ಇತ್ತು. ಇದನ್ನು ಓದಿದಾಗ ನಮಗೆ ಎಲ್ಲೋ ಕೇಳಿದ ಹಾಗಾಗುತ್ತದೆ. ವರ್ಣಸಂಕರದ ಹೆದರಿಕೆ ಮನುವಿಗೆ ಮಾತ್ರ ಇದ್ದದ್ದಲ್ಲ ನೋಡಿ.

ಈ ಸಂಹಿತೆಯ ಕೆಳಗೇ ಹಾಲಿವುಡ್ಡಿನ ಅತಿ ಜಾಣ ಮದುವೆ ಚಿತ್ರಗಳು ಹುಟ್ಟಿದವು. 'ದಿ ಆಫುಲ್ ಟ್ರೂತ್' 1937ರದ್ದು, 'ಹಿಸ್ ಗರ್ಲ್ ಫ್ರೈಡೇ', 'ದಿ ಫಿಲಡೆಲ್ಫಿಯಾ ಸ್ಟೋರಿ' ಎರಡೂ 1940ರವು. ಮೂರರಲ್ಲೂ ಗಂಡಹೆಂಡಿರು ವಿಚ್ಛೇದನ ಪಡೆಯುತ್ತಾರೆ ಅಥವಾ ಅದರ ಅಂಚಿಗೆ ಬರುತ್ತಾರೆ, ಆಮೇಲೆ ಮತ್ತೆ ಅದೇ ಗಂಡನಿಗೆ ಅದೇ ಹೆಂಡತಿ. ಮದುವೆಯಾಚೆಯ ಸರಸ ತೋರಿಸಬಾರದು ಎಂದರೆ, ಬಿಟ್ಟ ಗಂಡನ ಜೊತೆಗೇ ಸರಸ ಆಡಿಸಿದರಾಯಿತು! ತತ್ವಶಾಸ್ತ್ರದ ಸ್ಟ್ಯಾನ್ಲಿ ಕವೆಲ್ 1981ರಲ್ಲಿ ಇಂಥ ಚಿತ್ರಗಳ ಮೇಲೆ ಒಂದು ಪುಸ್ತಕವನ್ನೇ ಬರೆದು, ಇವು ಮರುಮದುವೆಯ ಹಾಸ್ಯ ನಾಟಕಗಳು ಎಂದರು. ಆ ಚಿತ್ರಗಳ ಹೆಂಗಸರು ದುಡಿಯುತ್ತಾರೆ, ಎದುರು ಮಾತಾಡುತ್ತಾರೆ, ಗಂಡಸನ್ನು ಮಾತಿನಲ್ಲಿ ಸೋಲಿಸುತ್ತಾರೆ. ಅದು ಸುಳ್ಳಲ್ಲ, ಅದರ ಬೆಲೆ ನಾವು ಕಡಿಮೆ ಮಾಡುವುದಿಲ್ಲ. ಆದರೆ ಆ ಮನೆಗಳಲ್ಲಿ ಬಟ್ಟಲು ಹಿಡಿದು ನಿಂತ ಕರಿಯ ಕೆಲಸದವರಿಗೆ ಮದುವೆಯಿಲ್ಲ, ಪ್ರೇಮವಿಲ್ಲ, ಬಾಗಿಲು ತೆರೆಯುವುದೊಂದೇ ಪಾತ್ರ.

ಚೀನೀ ರೈತರ ಕಥೆಯಾದ 'ದಿ ಗುಡ್ ಅರ್ತ್' 1937ರಲ್ಲಿ ಬಂದಾಗ ಈ ಗೋಡೆ ಎಷ್ಟು ಗಟ್ಟಿ ಎಂದು ಗೊತ್ತಾಯಿತು. ರೈತನ ಪಾತ್ರಕ್ಕೆ ಬಿಳಿಯ ನಟ ಪಾಲ್ ಮುನಿಯನ್ನು ಹಾಕಿದರು. ಚೀನೀ ವಂಶದ ಹೆಸರಾಂತ ನಟಿ ಆನಾ ಮೇ ವಾಂಗ್‌ಗೆ ಹೆಂಡತಿಯ ಪಾತ್ರ ಸಿಗಲಿಲ್ಲ. ಬಿಳಿಯ ಗಂಡಸಿನ ಹೆಂಡತಿಯಾಗಿ ಅವಳು ಪರದೆಯ ಮೇಲೆ ಸಹ ನಿಲ್ಲುವಂತಿರಲಿಲ್ಲ. ಚೀನೀ ಹೆಂಗಸಿನ ವೇಷ ಬಳಿದುಕೊಂಡ ಬಿಳಿಯ ನಟಿ ಲೂಯಿಸ್ ರೈನರ್ ಅದೇ ಪಾತ್ರಕ್ಕೆ ಆಸ್ಕರ್ ತೆಗೆದುಕೊಂಡಳು.

*

ಅದೇ 1934ರಲ್ಲಿ ನಮ್ಮ ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದರು. ಸಿನಿಮಾ ಈ ಕರಾವಳಿಗೆ ಬರುವ ಮೊದಲು, ಬಂದ ಮೇಲೂ, ನಮ್ಮ ಜನಕ್ಕೆ ಮದುವೆಯ ಕಥೆ ಸಿಗುತ್ತಿದ್ದದ್ದು ಆಟದಲ್ಲಿ. ಸುಭದ್ರಾ ಕಲ್ಯಾಣ, ರುಕ್ಮಿಣೀ ಕಲ್ಯಾಣ, ಜಾಂಬವತೀ ಕಲ್ಯಾಣ, ಕನಕಾಂಗಿ ಕಲ್ಯಾಣ ಎಂದು ಎಷ್ಟು ಕಲ್ಯಾಣಗಳು! ಚಂದ್ರಹಾಸನ ಪ್ರಸಂಗವನ್ನೇ ನೋಡಿ. ಮಂತ್ರಿ ದುಷ್ಟಬುದ್ಧಿ ಇವನಿಗೆ ವಿಷ ಕೊಡು ಎಂದು ಮಗನಿಗೆ ಓಲೆ ಬರೆದು ಕಳಿಸುತ್ತಾನೆ. ಮಲಗಿದ್ದ ಚಂದ್ರಹಾಸನನ್ನು ನೋಡಿ ಮರುಳಾದ ಮಂತ್ರಿಯ ಮಗಳು ವಿಷಯೆ, ಕಣ್ಣ ಕಾಡಿಗೆಯಲ್ಲಿ ಒಂದಕ್ಷರ ತಿದ್ದಿ 'ವಿಷವನ್ನು' ಎಂಬಲ್ಲಿ 'ವಿಷಯೆಯನ್ನು' ಎಂದು ಮಾಡುತ್ತಾಳೆ. ಸಾಯಬೇಕಾದವನು ಮದುಮಗನಾಗುತ್ತಾನೆ. ಯಾವ ಹಾಲಿವುಡ್ಡಿನ ಕಥೆಗಾರನೂ ಇದಕ್ಕಿಂತ ಚುರುಕಾದ ತೊಡಕು ಹೆಣೆದಿಲ್ಲ. ಆದರೆ ಅಲ್ಲೂ ಚಂದ್ರಹಾಸ ಕೊನೆಗೆ ರಾಜಕುಮಾರನೇ ಆಗಿರುತ್ತಾನೆ. ಹುಟ್ಟು ಮೊದಲು ಮುಚ್ಚಿಟ್ಟು ಆಮೇಲೆ ತೋರಿಸುವುದು ಈ ಕಲ್ಯಾಣಗಳ ಒಳಗುಟ್ಟು. ಬೇಲಿ ಹಾರಿದ ಹಾಗೆ ಕಾಣುತ್ತದೆ, ಕೊನೆಗೆ ನೋಡಿದರೆ ಇಬ್ಬರೂ ಬೇಲಿಯ ಒಂದೇ ಬದಿಗಿರುತ್ತಾರೆ.

ಇದೇ ನೆಲಕ್ಕೆ ಹಾಲಿವುಡ್ಡಿನ ಮದುವೆ ಚಿತ್ರ ತನ್ನ ವೇಷದಲ್ಲಿ ಬಂದದ್ದು ಕಡಿಮೆ. ಅದು ಹಿಂದಿಯ ಶರ್ಟು ತೊಟ್ಟು ಬಂತು. ಕಂಬಳಿ ಗೋಡೆಯ ಕಥೆ 1956ರಲ್ಲಿ ರಾಜ್ ಕಪೂರ್, ನರ್ಗಿಸ್ ಅಭಿನಯದ 'ಚೋರಿ ಚೋರಿ'ಯಾಯಿತು, 1991ರಲ್ಲಿ 'ದಿಲ್ ಹೈ ಕೆ ಮಾನ್ತಾ ನಹೀಂ' ಆಯಿತು. ನಮಗೆ ಹೆಚ್ಚು ಮುಖ್ಯವಾದದ್ದು ಮಾತ್ರ ಅದಕ್ಕೂ ಒಂದು ವರ್ಷ ಹಿಂದಿನ ಚಿತ್ರ. 1955ರ 'ಮಿಸ್ಟರ್ ಆ್ಯಂಡ್ ಮಿಸೆಸ್ 55'. ನಿರ್ದೇಶಕ, ನಾಯಕ ಇಬ್ಬರೂ ಗುರುದತ್.

ಗುರುದತ್ ಪಡುಕೋಣೆ 1925ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಹುಟ್ಟಿದ್ದು ಚಿತ್ರಾಪುರ ಸಾರಸ್ವತರಲ್ಲಿ. ಆ ಸಮಾಜದ ಗುರುಪೀಠ 1708ರಲ್ಲಿ ಕುಮಟಾ ತಾಲ್ಲೂಕಿನ ಗೋಕರ್ಣದಲ್ಲಿ ಶುರುವಾಗಿ, 1757ರಿಂದ ಭಟ್ಕಳ ತಾಲ್ಲೂಕಿನ ಶಿರಾಲಿಯಲ್ಲಿದೆ. ಮಂಕಿಕರ್, ಚಂದಾವರ್ಕರ್, ಮುರ್ಡೇಶ್ವರ ಎಂಬ ಅಡ್ಡಹೆಸರುಗಳೆಲ್ಲ ನಮ್ಮ ಊರುಗಳ ಹೆಸರುಗಳೇ. ಶಾನುಭೋಗಿಕೆ ಮಾಡಿ, ಇಂಗ್ಲಿಷ್ ಕಲಿತು, ಕಾರಕೂನಿ, ವಕೀಲಿ ಹಿಡಿದು ಮುಂಬಯಿಗೆ ಹೋದ ಪುಟ್ಟ ಸಮಾಜ ಅದು. 1911ರಲ್ಲೇ ಅಲ್ಲಿ ಕೆನರಾ ಸಾರಸ್ವತ ಅಸೋಸಿಯೇಶನ್ ಕಟ್ಟಿಕೊಂಡರು. ಹೋಗುವುದು ಅವರಿಗೆ ಸುಲಭವೂ ಇತ್ತು. 1862ರಿಂದ 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಇದ್ದದ್ದೇ ಮುಂಬಯಿ ಆಡಳಿತದಲ್ಲಿ. ಅವರೂ ಹೋದರು, ನಮ್ಮವರೂ ಹೋದರು. ಅವರು ಹೋದದ್ದು ಆಫೀಸಿಗೆ, ನಮ್ಮವರು ಹೋದದ್ದು ಹೋಟೆಲಿನ ಬಟ್ಟಲು ತೊಳೆಯುವುದಕ್ಕೆ, ಬಂದರಿನಲ್ಲಿ ಮೂಟೆ ಹೊರುವುದಕ್ಕೆ.

ಚಿತ್ರದ ಕಥೆ ಹೀಗಿದೆ. ಮಧುಬಾಲಾ ಮಾಡಿದ ಅನಿತಾ ಎಂಬ ಹುಡುಗಿಗೆ ಅಪ್ಪನ ಉಯಿಲಿನಂತೆ 70 ಲಕ್ಷ ರೂಪಾಯಿ ಬರಬೇಕು. ಆದರೆ ಇಪ್ಪತ್ತೊಂದು ತುಂಬಿದ ತಿಂಗಳೊಳಗೆ ಮದುವೆಯಾಗಬೇಕು. ಸೋದರತ್ತೆ ಸೀತಾದೇವಿ, ಅಂದರೆ ಲಲಿತಾ ಪವಾರ್, ಗಂಡಸರೆಂದರೆ ಉರಿದು ಬೀಳುವ ಮಹಿಳಾ ಮುಖಂಡೆ. ವಿಚ್ಛೇದನ ಮಸೂದೆಗಾಗಿ ಹೋರಾಡುವವಳು. ಅವಳು ಒಂದು ಉಪಾಯ ಹೂಡುತ್ತಾಳೆ. ಕೆಲಸವಿಲ್ಲದ ವ್ಯಂಗ್ಯಚಿತ್ರಕಾರ ಪ್ರೀತಮ್‌ನಿಗೆ ದುಡ್ಡು ಕೊಟ್ಟು ಹೆಸರಿಗೊಂದು ಮದುವೆ ಮಾಡಿಸಿ ಆಮೇಲೆ ವಿಚ್ಛೇದನ ಕೊಡಿಸುವುದು. ಪ್ರೀತಮ್ ಆಗಲೇ ಹುಡುಗಿಯನ್ನು ಮೆಚ್ಚಿರುತ್ತಾನೆ. ಮಾತು ಚುರುಕು, ಹಾಡುಗಳು ಸೊಗಸು, ಮೈಸೂರಿನ ವಿ. ಕೆ. ಮೂರ್ತಿಯವರ ಛಾಯಾಗ್ರಹಣ, ಚಿತ್ರದೊಳಗಿನ ವ್ಯಂಗ್ಯಚಿತ್ರಗಳು ಮೈಸೂರಿನವರೇ ಆದ ಆರ್. ಕೆ. ಲಕ್ಷ್ಮಣರವು. ಶ್ರೀಮಂತ ಹುಡುಗಿ, ಕೆಲಸ ಕಳೆದುಕೊಂಡ ಪತ್ರಿಕೆಯ ಗಂಡಸು, ಸುಳ್ಳು ಮದುವೆ ನಿಜವಾಗುವುದು, ಎಲ್ಲವೂ ಹಾಲಿವುಡ್ಡಿನ ಪಾಕವೇ. ಆದರೆ ನಡುವೆ ಇಳಿಬಿಟ್ಟದ್ದು ಕಂಬಳಿಯಲ್ಲ, ಒಂದು ಕಾನೂನು.

*

ಆ ಕಾನೂನಿನ ಚರಿತ್ರೆ ಗೊತ್ತಿಲ್ಲದೆ ಆ ಚಿತ್ರದ ನಗು ಅರ್ಥವಾಗುವುದಿಲ್ಲ.

ಹಿಂದೂ ಸಂಹಿತೆಯ ಮಸೂದೆಯನ್ನು ಹೊತ್ತು ಪಾರ್ಲಿಮೆಂಟಿನಲ್ಲಿ ವರ್ಷಗಟ್ಟಲೆ ಹೊಡೆದಾಡಿದವರು ಅಂಬೇಡ್ಕರ್. ಹೆಣ್ಣಿಗೆ ಆಸ್ತಿ, ಹೆಣ್ಣಿಗೆ ವಿಚ್ಛೇದನ, ಗಂಡಿಗೆ ಒಂದೇ ಹೆಂಡತಿ ಎಂದರೆ ಧರ್ಮ ಮುಳುಗಿತು ಎಂದು ಮಠದವರೂ ಜಮೀನ್ದಾರರೂ ಬೊಬ್ಬೆ ಹೊಡೆದರು. ಆಗ ಅಂಬೇಡ್ಕರ್ ಹೇಳಿದ ಮಾತಿನ ತಾತ್ಪರ್ಯ ಇದು: ವಿಚ್ಛೇದನ ಹೊಸದೇನಲ್ಲ, ಶೂದ್ರರೆಂದು ನೀವು ಕರೆಯುವ ಜನರಲ್ಲಿ ಅದು ಪದ್ಧತಿಯಾಗಿ ಮೊದಲಿಂದ ಇದೆ, ಹಿಂದೂಗಳಲ್ಲಿ ನೂರಕ್ಕೆ ತೊಂಬತ್ತು ಮಂದಿ ಅವರೇ. ಉಳಿದ ಹತ್ತು ಮಂದಿಯ ಕಟ್ಟಳೆಯನ್ನು ತೊಂಬತ್ತರ ತಲೆಯ ಮೇಲೆ ಹೇರಬೇಕೇ? ಉತ್ತರ ಬರಲಿಲ್ಲ. ಮಸೂದೆ ನೆನೆಗುದಿಗೆ ಬಿತ್ತು. 1951ರ ಸೆಪ್ಟೆಂಬರಿನಲ್ಲಿ ಅವರು ಮಂತ್ರಿಗಿರಿ ಬಿಸಾಡಿ ಹೊರಬಂದರು. ಅದೇ ಮಸೂದೆಯನ್ನು ತುಂಡು ತುಂಡು ಮಾಡಿ, ಮೊದಲ ತುಂಡನ್ನು ಹಿಂದೂ ವಿವಾಹ ಕಾಯಿದೆ ಎಂದು 1955ರ ಮೇ 18ರಂದು ಜಾರಿಗೆ ತಂದರು. ಆ ವರ್ಷವೇ ಗುರುದತ್‌ರ ಚಿತ್ರ ಬಂತು. ವಿಚ್ಛೇದನ ಕೇಳುವ ಹೆಂಗಸು ಅದರಲ್ಲಿ ನಗೆಗೀಡಾದಳು.

ಚಿತ್ರ ಹೇಳಿದ್ದರಲ್ಲಿ ಸತ್ಯ ಎಷ್ಟು? ಒಂದು, ಚಿತ್ರ ನಡೆಯುವುದು ಮುಂಬಯಿಯಲ್ಲಿ. ಮುಂಬಯಿ ಪ್ರಾಂತದಲ್ಲಿ ಹಿಂದೂ ವಿಚ್ಛೇದನ ಕಾಯಿದೆ 1947ರಲ್ಲೇ ಬಂದಿತ್ತು. ಇಬ್ಬರು ಹೆಂಡಿರನ್ನು ಕಟ್ಟಿಕೊಳ್ಳುವುದನ್ನು ತಡೆಯುವ ಕಾಯಿದೆ ಅದಕ್ಕೂ ಒಂದು ವರ್ಷ ಮುಂಚೆ, 1946ರಲ್ಲಿ. ಅಂದರೆ ಮುಂಬಯಿಯ ಹೆಂಗಸಿಗೆ ಮಾತ್ರವಲ್ಲ, ಆಗ ಮುಂಬಯಿಗೆ ಸೇರಿದ್ದ ಕುಮಟಾ, ಹೊನ್ನಾವರ, ಭಟ್ಕಳದ ಹೆಂಗಸಿಗೂ ಕೋರ್ಟಿನ ಬಾಗಿಲು ಎಂಟು ವರ್ಷದಿಂದ ತೆರೆದಿತ್ತು. ಭಟ್ಕಳದಾಚೆ ಮದರಾಸಿಗೆ ಸೇರಿದ್ದ ಬೈಂದೂರು, ಕುಂದಾಪುರದ ಹೆಂಗಸರಿಗೆ 1949ರ ಮದರಾಸು ಕಾಯಿದೆಯಿಂದ ಅದೇ ಹಕ್ಕು ಸಿಕ್ಕಿತ್ತು. ಅಷ್ಟು ವರ್ಷದಲ್ಲಿ ಕರಾವಳಿಯೇನೂ ಸಮುದ್ರಕ್ಕೆ ಬಿದ್ದು ಹೋಗಿರಲಿಲ್ಲ.

ಎರಡು, 1955ರ ಕಾಯಿದೆಯಲ್ಲಿ ಮದುವೆಯಾಗಿ ಮೂರು ವರ್ಷ ತುಂಬುವ ಮೊದಲು ಸಾಮಾನ್ಯವಾಗಿ ವಿಚ್ಛೇದನದ ಅರ್ಜಿ ಹಾಕುವ ಹಾಗೇ ಇರಲಿಲ್ಲ. ಅದು ಒಂದು ವರ್ಷಕ್ಕೆ ಇಳಿದದ್ದು 1976ರಲ್ಲಿ. ಗಂಡಹೆಂಡಿರು ಒಳಗೊಳಗೇ ಮಾತಾಡಿಕೊಂಡು ಅರ್ಜಿ ಹಾಕಿದ್ದಾರೆಂದು ತಿಳಿದರೆ ಕೋರ್ಟು ಅದನ್ನು ತಳ್ಳಿಹಾಕಬೇಕೆಂದು 23ನೆಯ ಕಲಮಿನಲ್ಲೇ ಇತ್ತು. ಇಬ್ಬರೂ ಒಪ್ಪಿ ಬೇರೆಯಾಗುವ ದಾರಿ ಬಂದದ್ದೂ 1976ರಲ್ಲಿ. ಸೀತಾದೇವಿಯ ಒಳಸಂಚು ಆ ಕಾನೂನಿನಲ್ಲಿ ನಡೆಯುವಂಥದ್ದೇ ಅಲ್ಲ. ಇಲ್ಲದ ಬಾಗಿಲಿಗೆ ಹೆದರಿಸಿ ಇರುವ ಬಾಗಿಲನ್ನು ಮುಚ್ಚಿಸುವ ಕೆಲಸ ಇದು.

ಮೂರು, 1955ರ ಕಾಯಿದೆಯ 29ನೆಯ ಕಲಮು ಪದ್ಧತಿಯ ವಿಚ್ಛೇದನವನ್ನು ಹಾಗೇ ಉಳಿಸಿತು. ಯಾವ ಜಾತಿಯಲ್ಲಿ ಮೊದಲಿಂದ ಬಿಡುಗಡೆ ನಡೆದು ಬಂದಿದೆಯೋ ಅವರು ಕೋರ್ಟಿಗೆ ಹೋಗಬೇಕಾಗಿಲ್ಲ. ಹಾಗಾದರೆ ಈ ಹೊಸ ಕಾನೂನು ಯಾರಿಗೆ ಬೇಕಾಗಿತ್ತು? ಬಿಡುಗಡೆಯೇ ಇಲ್ಲದ ಮೇಲ್ಜಾತಿಯ ಹೆಂಗಸಿಗೆ. ಅವಳಿಗಾಗಿ ಮಂತ್ರಿಗಿರಿ ಬಿಟ್ಟವರು ಒಬ್ಬ ಅಸ್ಪೃಶ್ಯರು. ಈ ಮಾತನ್ನು ಆ ಚಿತ್ರ ನೋಡಿ ನಕ್ಕವರಿಗೆ ಯಾರೂ ಹೇಳಲಿಲ್ಲ.

*

ಚಿತ್ರದ ಒಂದು ದೃಶ್ಯದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಪ್ರೀತಮ್ ಅನಿತಾಳನ್ನು ತನ್ನ ಅಣ್ಣನ ಮನೆಗೆ ಎತ್ತಿಕೊಂಡು ಬರುತ್ತಾನೆ. ಅಲ್ಲಿ ಅತ್ತಿಗೆ ಮಕ್ಕಳನ್ನು ಸಾಕಿ, ಒಲೆಯ ಮುಂದೆ ಕೂತು, ನೀರು ಹೊತ್ತು ದಿನ ಕಳೆಯುವವಳು. ಗಂಡ ಹೊಡೆಯುವುದಿಲ್ಲವೇ ಎಂದರೆ, ಒಮ್ಮೊಮ್ಮೆ ಕೈ ಮಾಡಿದರೂ ಪ್ರೀತಿಯೂ ಮಾಡುತ್ತಾರಲ್ಲ ಎಂಬ ಅರ್ಥದ ಮಾತಾಡುತ್ತಾಳೆ. ಅದನ್ನು ಕೇಳಿ ಅನಿತಾಳ ಕಣ್ಣು ತೆರೆಯುತ್ತದೆಯಂತೆ. ಇದೇ ಭಾರತೀಯ ಹೆಣ್ಣು, ಬಡವರ ಮನೆಯ ಹೆಣ್ಣು ಹೀಗಿರುತ್ತಾಳೆ ಎಂದು ಚಿತ್ರ ಹೇಳುತ್ತದೆ.

ನಾವು ಕೇಳುವುದಿಷ್ಟೆ, ಯಾರ ಮನೆಯ ಹೆಣ್ಣು ಸ್ವಾಮಿ? 1883ರಲ್ಲಿ ಅಚ್ಚಾದ ಮುಂಬಯಿ ಗೆಜೆಟಿಯರಿನ ಕೆನರಾ ಸಂಪುಟ ತೆಗೆದು ನೋಡಿ. ಸರಕಾರದವರು ನಮ್ಮ ಜಿಲ್ಲೆಯ ಜಾತಿಗಳನ್ನು ಒಂದೊಂದಾಗಿ ಎಣಿಸಿ, ಇವರಲ್ಲಿ ವಿಧವೆಗೆ ಮದುವೆ ಉಂಟೋ ಇಲ್ಲವೋ ಎಂದೂ ಬರೆದಿಟ್ಟಿದ್ದಾರೆ. ದುಡಿದು ತಿನ್ನುವ ಜನರಲ್ಲಿ ಗಂಡ ಸತ್ತ ಹೆಣ್ಣು ಇನ್ನೊಂದು ಸೀರೆ ಉಟ್ಟು ಮತ್ತೊಂದು ಮನೆ ಸೇರುವುದು, ಸೇರಿ ಬಾಳದಿದ್ದರೆ ಜಾತಿಯ ಹಿರಿಯರ ಮುಂದೆ ಬಿಡಿಸಿಕೊಂಡು ಬರುವುದು ಹೊಸ ಮಾತಲ್ಲ. ಹೆಣ್ಣಿನ ಅಪ್ಪನಿಗೆ ಗಂಡಿನವರು ತೆರ ಕೊಟ್ಟು ಹೆಣ್ಣು ತರುತ್ತಿದ್ದರು. ನಾಟಿ ಮಾಡುವ, ಮೀನಿನ ಬುಟ್ಟಿ ಹೊತ್ತು ಸಂತೆಗೆ ನಡೆಯುವ, ಹೊಳೆಯಲ್ಲಿ ಚಿಪ್ಪಿ ಹೆಕ್ಕುವ ಹೆಣ್ಣು ಹೊರೆಯಾಗಿರಲಿಲ್ಲ, ಬೆಲೆಯುಳ್ಳವಳಾಗಿದ್ದಳು. ಇದನ್ನು ಸ್ವರ್ಗವೆಂದು ನಾವು ಹೇಳುವುದಿಲ್ಲ. ಹೊಡೆತ ಬಡಿತ ಅಲ್ಲೂ ಇತ್ತು, ಒಡೆಯನ ಕಾಟ ಅದರ ಮೇಲೆ. ಆದರೆ ಹೊಡೆತ ತಿಂದು ಅದನ್ನೇ ಪ್ರೀತಿಯೆಂದು ಹಾಡಿ ಹೊಗಳಬೇಕೆಂಬ ಕಟ್ಟಳೆ ಇರಲಿಲ್ಲ. ಸಾಕಾಯ್ತು ಅಂದ್ರೆ ಸಾಕಾಯ್ತು.

ಸುಧಾರಣೆಯ ಕಾನೂನು ಕೂಡ ಈ ಹೆಣ್ಣನ್ನು ಕೇಳಲಿಲ್ಲ. 1856ರಲ್ಲಿ ವಿಧವಾ ಪುನರ್ವಿವಾಹ ಕಾಯಿದೆ ಬಂದದ್ದು ಮೇಲ್ಜಾತಿಯ ವಿಧವೆಯರ ಕಣ್ಣೀರಿಗೆ. ಮರುಮದುವೆಯಾದವಳು ಸತ್ತ ಗಂಡನ ಆಸ್ತಿ ಬಿಟ್ಟುಕೊಡಬೇಕು ಎಂದು ಅದರಲ್ಲಿ ಒಂದು ಕಲಮಿತ್ತು. ಮೊದಲಿಂದ ಮರುಮದುವೆ ಇದ್ದ ಜಾತಿಗಳ ಹೆಂಗಸರಿಗೂ ಅದು ತಗಲುತ್ತದೆ ಎಂದು ಮುಂಬಯಿ ಹೈಕೋರ್ಟು 1896ರಲ್ಲಿ ತೀರ್ಪು ಕೊಟ್ಟಿತು. ಬೇರೆಯವರ ಬೇಡಿ ಬಿಚ್ಚುವಾಗ ನಮ್ಮವಳ ತುಂಡು ಗದ್ದೆಯೂ ಹೋಯಿತು.

ಅತ್ತ ಮೇಲ್ಜಾತಿಯಲ್ಲಿ ಒಬ್ಬ ವಿಧವೆ ಮದುವೆಯಾಗಬೇಕಾದರೆ ಎಷ್ಟು ಪಾಡು! ಗಿರೀಶ ಕಾರ್ನಾಡರ ತಾಯಿ ಕೃಷ್ಣಾಬಾಯಿ ಮಂಕಿಕರ್ ಒಬ್ಬ ಮಗನಿದ್ದ ಎಳೆಯ ವಿಧವೆ. ನರ್ಸ್ ಕೆಲಸ ಕಲಿಯುವಾಗ ಡಾಕ್ಟರ್ ರಘುನಾಥ ಕಾರ್ನಾಡರ ಪರಿಚಯವಾಯಿತು. ವಿಧವೆಯ ಮದುವೆಗೆ ಸಮಾಜ ಒಪ್ಪುವುದಿಲ್ಲವೆಂದು ಎಷ್ಟೋ ವರ್ಷ ಕಾದು, ಕೊನೆಗೆ ಆರ್ಯಸಮಾಜದ ಕ್ರಮದಲ್ಲಿ ಮದುವೆಯಾದರು. ಆ ಹೆಣ್ಣುಮಗಳ ಧೈರ್ಯಕ್ಕೆ ನಮ್ಮ ನಮಸ್ಕಾರ. ಗುರುದತ್ ಚಿತ್ರ ಮಾಡಬೇಕಾಗಿದ್ದದ್ದು ಇಂಥವರ ಮೇಲೆ.

ಆಮೇಲೆ ಆದದ್ದು ನಮಗೇ ನೋವಿನ ಸಂಗತಿ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಮೇಲಿನವರ ನಡಾವಳಿ ಹಿಡಿದು ಮೇಲೇರುವ ಯತ್ನಕ್ಕೆ ಸಂಸ್ಕ್ರುತೀಕರಣ ಎಂದು ಹೆಸರಿಟ್ಟರು. ಸಿನಿಮಾ ಆ ಯತ್ನಕ್ಕೆ ಪಠ್ಯಪುಸ್ತಕವಾಯಿತು. ಪರದೆಯ ಮೇಲಿನ ಅತ್ತಿಗೆಯಂತೆ ನಮ್ಮ ಅಕ್ಕ ತಂಗಿಯರೂ ಇರಬೇಕು ಎಂದು ನಮ್ಮ ಗಂಡಸರೇ ಹೇಳತೊಡಗಿದರು. ತೆರ ಹೋಗಿ ವರದಕ್ಷಿಣೆ ಬಂತು. 1961ರಲ್ಲಿ ವರದಕ್ಷಿಣೆ ನಿಷೇಧ ಕಾಯಿದೆ ಬಂದ ಮೇಲೂ ಬಂತು. ಉಡಿಕೆಯ ಮದುವೆ ಎಂದರೆ ನಾಚಿಕೆಪಡುವಂತಾಯಿತು. ನಮ್ಮ ಅಜ್ಜಿಯಂದಿರಿಗಿದ್ದ ಬಿಡುಗಡೆ ನಮ್ಮ ಮಕ್ಕಳಿಗಿಲ್ಲ. ಇದಕ್ಕೆ ಮಠವನ್ನು ಮಾತ್ರ ಬೈದರೆ ಸಾಲದು.

*

ಇನ್ನು ಆ ದೊಡ್ಡ ಗೋಡೆಯ ಮಾತು. ನಮ್ಮ ಚಿತ್ರಗಳು ಜಾತಿ ದಾಟಿದ ಪ್ರೀತಿಯನ್ನು ಮುಟ್ಟಲೇ ಇಲ್ಲವೇ? ಮುಟ್ಟಿವೆ. ಮುಟ್ಟಿದ ರೀತಿ ನೋಡಬೇಕು.

1936ರಲ್ಲಿ ಅಂಬೇಡ್ಕರ್ 'ಜಾತಿ ವಿನಾಶ' ಅಚ್ಚು ಹಾಕಿಸಿದರು. ಭಾಷಣಕ್ಕೆ ಕರೆದಿದ್ದ ಲಾಹೋರಿನ ಜಾತ್‌ಪಾತ್ ತೋಡಕ್ ಮಂಡಳದವರು ಹೆದರಿ ಸಭೆ ರದ್ದು ಮಾಡಿದ್ದರಿಂದ ತಾವೇ ಅಚ್ಚು ಹಾಕಿಸಿದರು. ಜಾತಿಗೆ ನಿಜವಾದ ಮದ್ದು ಅಂತರ್ಜಾತಿ ಮದುವೆ ಎಂದು ಅದರಲ್ಲಿ ಹೇಳಿದರು. ಅದೇ ವರ್ಷ ಬಾಂಬೆ ಟಾಕೀಸಿನ 'ಅಛೂತ್ ಕನ್ಯಾ' ಬಂತು. ಬ್ರಾಹ್ಮಣ ಹುಡುಗನಾಗಿ ಅಶೋಕ್ ಕುಮಾರ್, ರೈಲ್ವೆ ಗೇಟಿನವನ ಮಗಳು ಕಸ್ತೂರಿಯಾಗಿ ದೇವಿಕಾ ರಾಣಿ. ಮದುವೆಯಾಗುವುದಿಲ್ಲ. ಕೊನೆಗೆ ಕಸ್ತೂರಿ ರೈಲಿಗೆ ಸಿಕ್ಕಿ ಸಾಯುತ್ತಾಳೆ. ಅಂಬೇಡ್ಕರರು ಮದ್ದು ಹೇಳಿದ ವರ್ಷವೇ ಸಿನಿಮಾ ಹೆಣ ತೋರಿಸಿತು. 1959ರಲ್ಲಿ ಬಿಮಲ್ ರಾಯ್ 'ಸುಜಾತಾ' ಮಾಡಿದರು. ಅಲ್ಲಿ ಅಸ್ಪೃಶ್ಯ ಅನಾಥೆಗೆ ಬ್ರಾಹ್ಮಣ ಹುಡುಗ ಸಿಗುತ್ತಾನೆ. ಆದರೆ ಅದಕ್ಕೆ ಮುಂಚೆ ಅವಳು ಸಾಕುತಾಯಿಗೆ ತನ್ನ ರಕ್ತ ಕೊಟ್ಟು ಜೀವ ಉಳಿಸಬೇಕು. ಒಳ್ಳೆಯ ಮನಸ್ಸಿನ ಚಿತ್ರ, ಅಲ್ಲಗಳೆಯುವುದಿಲ್ಲ. ಆದರೂ ನಮ್ಮ ಹುಡುಗಿ ಮದುಮಗಳಾಗಬೇಕಾದರೆ ಬಾಟಲಿ ರಕ್ತದ ಲೆಕ್ಕ ಕೊಡಬೇಕೇ? ಶಿವರಾಮ ಕಾರಂತರ ಕಾದಂಬರಿಯಿಂದ 1975ರಲ್ಲಿ ಬಿ. ವಿ. ಕಾರಂತರು ಮಾಡಿದ 'ಚೋಮನ ದುಡಿ'ಯಲ್ಲಿ ಚೋಮನ ಒಬ್ಬ ಮಗ ಮನಸ್ಸಿಗೆ ಬಂದ ಹುಡುಗಿಯನ್ನು ಕಟ್ಟಿಕೊಳ್ಳುತ್ತಾನೆ. ಅವಳು ಕ್ರೈಸ್ತಳು, ಅವನು ಆ ಧರ್ಮಕ್ಕೇ ಹೋಗುತ್ತಾನೆ. ಹಿಂದೂ ಬೇಲಿಯೊಳಗೆ ಅವನಿಗೆ ಗದ್ದೆಯೂ ಇಲ್ಲ, ದಾರಿಯೂ ಇಲ್ಲ.

ಪರದೆಯ ಮೇಲೆ ಹೀಗಿರುವಾಗ ನಿಜಜೀವನದಲ್ಲಿ ಏನಾಯಿತು? 1948ರ ಏಪ್ರಿಲ್ 15ರಂದು ದೆಹಲಿಯಲ್ಲಿ ಒಂದು ರಿಜಿಸ್ಟರ್ ಮದುವೆ ನಡೆಯಿತು. ವರ ಮಹಾರ್ ಕುಲದ ಭೀಮರಾವ್ ಅಂಬೇಡ್ಕರ್, ವಧು ಸಾರಸ್ವತ ಬ್ರಾಹ್ಮಣ ಕುಲದ ಡಾಕ್ಟರ್ ಶಾರದಾ ಕಬೀರ್, ಆಮೇಲೆ ಸವಿತಾ ಅಂಬೇಡ್ಕರ್. ರೈಲಿಗೆ ಯಾರೂ ಬೀಳಲಿಲ್ಲ. ಹುಟ್ಟಿನ ಗುಟ್ಟು ಕೊನೆಯಲ್ಲಿ ಬಯಲಾಗಲಿಲ್ಲ. ಇಬ್ಬರು ಓದಿದ, ವಯಸ್ಸಿಗೆ ಬಂದ ಮನುಷ್ಯರು ಸಹಿ ಹಾಕಿದರು, ಗೋಡೆ ದಾಟಿದರು. ಆಗಿನ ಹಿಂದೂ ಕಾನೂನಿನಲ್ಲಿ ಮೇಲ್ಜಾತಿಯ ಹೆಣ್ಣು ಕೆಳಜಾತಿಯ ಗಂಡನ್ನು ಶಾಸ್ತ್ರೋಕ್ತವಾಗಿ ಕಟ್ಟಿಕೊಂಡರೆ ಆ ಮದುವೆ ಕೋರ್ಟಿನಲ್ಲಿ ನಿಲ್ಲುತ್ತಿರಲಿಲ್ಲ. ಹಿಂದೂಗಳೊಳಗೆ ಯಾವ ಜಾತಿಯವರು ಯಾವ ಜಾತಿಯವರನ್ನು ಮದುವೆಯಾದರೂ ಸಿಂಧುವೆಂದು ಕಾಯಿದೆ ಬಂದದ್ದು ಮರುವರ್ಷ, 1949ರಲ್ಲಿ. ಈ ಮದುವೆಯ ಕಥೆಯನ್ನು ಅಂದಿನ ಯಾವ ಹಾಸ್ಯಚಿತ್ರವೂ ಮುಟ್ಟಲಿಲ್ಲ. ಗುರುದತ್ ಸ್ವತಃ 1953ರಲ್ಲಿ ಬಂಗಾಳಿ ಗಾಯಕಿ ಗೀತಾ ರಾಯ್‌ರನ್ನು ಮದುವೆಯಾಗಿ ಭಾಷೆಯ ಬೇಲಿ ದಾಟಿದವರು. ಜಾತಿಯ ಬೇಲಿಯ ಮಾತು ಅವರ ಮದುವೆ ಚಿತ್ರದಲ್ಲಿಲ್ಲ.

ನಮ್ಮ ಕರಾವಳಿಗೆ ಈ ದಾಟುವಿಕೆ ಹೊಸದೂ ಅಲ್ಲ. ಭಟ್ಕಳದ ನವಾಯತರು ಕಡಲಾಚೆಯಿಂದ ಬಂದ ವರ್ತಕರಿಗೂ ಈ ನೆಲದ ಹೆಣ್ಣುಗಳಿಗೂ ಹುಟ್ಟಿದ ಸಂತತಿ ಎಂಬ ನಂಬಿಕೆ ಇದೆ. ಅವರ ಮನೆಮಾತಿನಲ್ಲಿ ಕೊಂಕಣಿಯೇ ತಳಪಾಯ. ಹೊನ್ನಾವರದಲ್ಲಿ 1855ರಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರ್ಕರ್ ಪ್ರಾರ್ಥನಾ ಸಮಾಜದ ಮುಖಂಡರಾದರು, ನಮ್ಮ ಜಮಖಂಡಿಯ ವಿಠ್ಠಲ ರಾಮಜಿ ಶಿಂದೆಯವರು 1906ರಲ್ಲಿ ಕಟ್ಟಿದ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ನಿಗೆ ಅಧ್ಯಕ್ಷರಾದರು. ಶಾಲೆ, ಹಾಸ್ಟೆಲು, ಪ್ರಾರ್ಥನೆ ಎಲ್ಲ ಆಯಿತು. ಸುಧಾರಣೆಯ ಬಂಡಿ ಮದುವೆಯ ಚಪ್ಪರದ ಮುಂದೆ ಬಂದಾಗ ಮಾತ್ರ ಎತ್ತುಗಳು ಮುಂದೆ ಹೆಜ್ಜೆ ಇಡಲಿಲ್ಲ.

*

ಅಮೆರಿಕದ ಗೋಡೆ ಏನಾಯಿತು ಎಂಬುದನ್ನೂ ಹೇಳಿ ಮುಗಿಸಬೇಕು. 1956ರಲ್ಲಿ ಹೇಸ್ ಸಂಹಿತೆಯಿಂದ ಬಿಳಿಕರಿಯರ ಸಂಬಂಧದ ನಿಷೇಧವನ್ನು ತೆಗೆದರು. ಪರದೆಯಲ್ಲಿ ನಿಷೇಧ ಹೋದರೂ ಕಾನೂನಿನಲ್ಲಿ ಉಳಿದಿತ್ತು. 1958ರಲ್ಲಿ ವರ್ಜೀನಿಯಾದ ಮಿಲ್ಡ್ರೆಡ್ ಎಂಬ ಕಪ್ಪು ಹೆಣ್ಣು, ರಿಚರ್ಡ್ ಲವಿಂಗ್ ಎಂಬ ಬಿಳಿಯ ಗಂಡು ವಾಷಿಂಗ್ಟನ್ನಿಗೆ ಹೋಗಿ ಮದುವೆಯಾಗಿ ಬಂದರು. ರಾತ್ರಿ ಮಲಗಿದ್ದಾಗ ಪೊಲೀಸರು ನುಗ್ಗಿ ಹಿಡಿದರು. ಒಂದು ವರ್ಷ ಜೈಲು, ಇಲ್ಲವೇ ಇಪ್ಪತ್ತೈದು ವರ್ಷ ರಾಜ್ಯ ಬಿಟ್ಟು ಹೋಗಬೇಕು ಎಂದಿತು ಕೋರ್ಟು. ಅವರು ಹೋರಾಡಿದರು. 1967ರ ಜೂನ್ 12ರಂದು ಸುಪ್ರೀಂ ಕೋರ್ಟು ಇಂಥ ಕಾನೂನುಗಳನ್ನೆಲ್ಲ ಕಿತ್ತೆಸೆಯಿತು. ಆಗಲೂ 16 ರಾಜ್ಯಗಳಲ್ಲಿ ಆ ಕಾನೂನು ಇತ್ತು.

ಅದೇ ಡಿಸೆಂಬರಿನಲ್ಲಿ ಸ್ಟ್ಯಾನ್ಲಿ ಕ್ರೇಮರನ 'ಗೆಸ್ ಹೂ ಈಸ್ ಕಮಿಂಗ್ ಟು ಡಿನ್ನರ್' ಬಂತು. ಬಿಳಿಯ ಹುಡುಗಿಯನ್ನು ಮದುವೆಯಾಗುವ ಕಪ್ಪು ಗಂಡಾಗಿ ಸಿಡ್ನಿ ಪಾಟಿಯೇ. ಅವನು ಲೋಕವಿಖ್ಯಾತ ಡಾಕ್ಟರು, ಸಭ್ಯ, ಒಂದು ಕುಂದಿಲ್ಲ. ಇಬ್ಬರೂ ಮುತ್ತಿಡುವುದು ಟ್ಯಾಕ್ಸಿಯ ಕನ್ನಡಿಯಲ್ಲಿ ಕಂಡಷ್ಟೆ. ಸುಜಾತಾ ರಕ್ತ ಕೊಟ್ಟಳು, ಈ ಡಾಕ್ಟರು ಪದವಿಗಳ ಕಟ್ಟು ತಂದ. ಎರಡೂ ಕಡೆ ನಮ್ಮವರು ಪರೀಕ್ಷೆ ಬರೆಯಬೇಕು, ಅವರ ಮನೆಯವರು ಮಾರ್ಕು ಹಾಕಬೇಕು. ಲವಿಂಗ್ ದಂಪತಿಗಳಲ್ಲಿ ಗಂಡ ಇಟ್ಟಿಗೆ ಗಾರೆ ಕೆಲಸದವನು. ಸಾಮಾನ್ಯ ಮನುಷ್ಯರು ಸಾಮಾನ್ಯವಾಗಿ ಮದುವೆಯಾಗುವ ಹಕ್ಕು ತಂದುಕೊಟ್ಟದ್ದು ಸಿನಿಮಾ ಅಲ್ಲ, ಅವರೇ.

ಕನ್ನಡದಲ್ಲೂ ಮದುವೆಯ ನಗೆಚಿತ್ರಗಳಿಗೆ ಬರವಿಲ್ಲ. ಶಿರಾಲಿಯ ಮಠದ ಸಮಾಜದ್ದೇ ನಾಗರಕಟ್ಟೆ ಮನೆತನದ ಅನಂತ್ ನಾಗ್ 1990ರ 'ಗಣೇಶನ ಮದುವೆ'ಯಲ್ಲಿ ನಾಯಕ. ಒಂದೇ ವಠಾರದಲ್ಲಿ ಹಾವು ಮುಂಗುಸಿಯಂತೆ ಜಗಳವಾಡುವ ಗಂಡು ಹೆಣ್ಣು, ಮುಖ ನೋಡದೆ ಪ್ರೀತಿಸುವುದು ಒಬ್ಬರನ್ನೊಬ್ಬರನ್ನೇ. 1940ರ ಹಾಲಿವುಡ್ ಚಿತ್ರ 'ದಿ ಶಾಪ್ ಅರೌಂಡ್ ದಿ ಕಾರ್ನರ್'ನಲ್ಲಿ ಬುಡಾಪೆಸ್ಟಿನ ಅಂಗಡಿಯ ಇಬ್ಬರು ಗುಮಾಸ್ತರದ್ದೂ ಇದೇ ಪಾಡು. ಒಂದರಿಂದ ಇನ್ನೊಂದು ಬಂತೆಂದು ನಾವು ಹೇಳುತ್ತಿಲ್ಲ. ಜಗಳ ಎಷ್ಟೇ ಇರಲಿ, ವಠಾರ ಒಂದೇ ಎಂಬುದನ್ನು ಮಾತ್ರ ನೆನಪಿಡಬೇಕು. ಆ ವಠಾರದಲ್ಲಿ ನಮಗೆ ಬಾಡಿಗೆಗೆ ಮನೆ ಸಿಗುತ್ತಿತ್ತೇ ಎಂಬ ಪ್ರಶ್ನೆ ಚಿತ್ರದಲ್ಲಿ ಏಳುವುದಿಲ್ಲ.

ಆ ಪ್ರಶ್ನೆಯನ್ನು ಎತ್ತಿದವರು ನಮ್ಮವರೇ ಆದ ನಾಗರಾಜ ಮಂಜುಳೆ. 2016ರ ಮರಾಠಿ ಚಿತ್ರ 'ಸೈರಾಟ್'ನಲ್ಲಿ ಮೀನು ಹಿಡಿಯುವವನ ಮಗ, ಊರ ಪಾಟೀಲನ ಮಗಳು. ಮೊದಲರ್ಧ ಹಾಡು, ನಗು, ಓಟ, ಥೇಟ್ ಮದುವೆಯ ನಗೆಚಿತ್ರವೇ. ಇಬ್ಬರೂ ಓಡಿಹೋಗಿ ಸಂಸಾರ ಹೂಡುತ್ತಾರೆ, ಮಗು ಆಗುತ್ತದೆ. ಕೊನೆಗೆ ಹೆಣ್ಣಿನ ಕಡೆಯವರು ಉಡುಗೊರೆ ಹಿಡಿದು ಬಂದು ಇಬ್ಬರನ್ನೂ ಕೊಲ್ಲುತ್ತಾರೆ. 2017ರಲ್ಲಿ ಅದು 'ಮನಸು ಮಲ್ಲಿಗೆ' ಎಂದು ಕನ್ನಡಕ್ಕೂ ಬಂತು. ಅಛೂತ್ ಕನ್ಯೆಯನ್ನು ಕೊಂದದ್ದು ರೈಲು ಎಂದು ಹೇಳಬಹುದಾಗಿತ್ತು. ಇಲ್ಲಿ ಹಾಗೆ ಹೇಳಿ ಜಾರಿಕೊಳ್ಳುವಂತಿಲ್ಲ. ಕೊಂದವರ ಮುಖ ಕಾಣುತ್ತದೆ.

2011-12ರಲ್ಲಿ ನಡೆದ ಇಂಡಿಯಾ ಹ್ಯೂಮನ್ ಡೆವಲಪ್‌ಮೆಂಟ್ ಸರ್ವೆಯ ಪ್ರಕಾರ ಈ ದೇಶದಲ್ಲಿ ಜಾತಿ ದಾಟಿದ ಮದುವೆ ನೂರಕ್ಕೆ ಸುಮಾರು 5. ಪ್ರೀತಿಯ ಸಿನಿಮಾ ನೂರಕ್ಕೆ ಎಷ್ಟು ಎಂದು ನೀವೇ ಲೆಕ್ಕ ಹಾಕಿ. ಪರದೆಯ ಮೇಲೆ ಇಷ್ಟು ಪ್ರೀತಿ ಮಾಡಿದ ಜನ ಮನೆಯಲ್ಲಿ ಜಾತಕ ಹಿಡಿದು ಕೂತಿದ್ದಾರೆ ಎಂದಾಯಿತು.

ಹಾಗಾಗಿ ನಮ್ಮ ಕಡೆಯ ಓದುವ ಹುಡುಗ ಹುಡುಗಿಯರಿಗೆ ಎರಡು ಮಾತು. ಸಿನಿಮಾ ನೋಡಬೇಡಿ ಎಂದು ನಾವು ಹೇಳುವುದಿಲ್ಲ. ಮಧುಬಾಲಾಳ ನಗು ನೋಡಿ, ಗೇಬಲ್‌ನ ಕಂಬಳಿ ಬೀಳುವುದನ್ನೂ ನೋಡಿ. ನೋಡಿದ ಮೇಲೆ ನಿಮ್ಮ ಮನೆಯ ಅಜ್ಜಿ ಬದುಕಿದ್ದರೆ ಹತ್ತಿರ ಕೂತು ಕೇಳಿ: ತೆರ ಎಷ್ಟಿತ್ತು, ಬಿಡುಗಡೆ ಹೇಗಾಗುತ್ತಿತ್ತು, ಗಂಡ ಸತ್ತವಳು ಯಾವ ಮಾತು ಹೇಳಿ ಇನ್ನೊಂದು ಮನೆ ಸೇರುತ್ತಿದ್ದಳು. ಕೇಳಿದ್ದನ್ನು ಬರೆದಿಡಿ. ಗೆಜೆಟಿಯರು ಬರೆದವನು ಹೊರಗಿನವನು, ಸಿನಿಮಾ ಮಾಡಿದವರು ಮೇಲಿನವರು. ನಮ್ಮ ಹೆಂಗಸರ ಮದುವೆಯ ಚರಿತ್ರೆ ಅವರ ಬಾಯಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ಅದು ಹೋಗುವ ಮೊದಲು ಬರೆದುಕೊಳ್ಳಬೇಕು. ಮುಂದೆ ನಿಮ್ಮಲ್ಲಿ ಯಾರಾದರೂ ಜಾತಿಯ ಗೋಡೆ ದಾಟಿ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತಿದರೆ, ಸಾಕ್ಷಿಯ ಸಹಿ ಹಾಕುವುದಕ್ಕೆ ನಾವಿದ್ದೇವೆ.